ನೀವು ಬರದ ಭಾನುವಾರ

ಹೋದ ತಿಂಗಳು ಒಂದು ಶನಿವಾರ ಸಂಜೆ ನಮ್ಮ ದೇವಾಲಯದ ಆಫೀಸಿನಲ್ಲಿ ಕುಳಿತಿದ್ದೆ. ಖಜಾಂಚಿ ಕೆಲಸ ಬಿಟ್ಟು ಬಹಳ ವರ್ಷಗಳಾದವು, ಆದರೂ ಹಳೆಯ ರಿಜಿಸ್ಟರುಗಳ ಬರವಣಿಗೆ ಓದಬೇಕಾದಾಗ ನನ್ನನ್ನು ಕರೆಯುತ್ತಾರೆ. ಜೆ.ಪಿ. ನಗರದಿಂದ ಒಬ್ಬ ಹುಡುಗ ಬಂದ. ಇಪ್ಪತ್ತೊಂಬತ್ತು ವರ್ಷ, ಒಳ್ಳೆಯ ಕೆಲಸ, ನಯವಾದ ಮಾತು. ಮದುವೆ ಗೊತ್ತಾಗಿತ್ತು. ಹುಡುಗಿಯ ಊರಿನ ಸಭಾಪಾಲಕರು ಸದಸ್ಯತ್ವದ ಪತ್ರ ಕೇಳಿದ್ದರು. ರಿಜಿಸ್ಟರು ತೆಗೆದು ನೋಡಿದೆವು. ದೀಕ್ಷಾಸ್ನಾನದ ಪುಟದಲ್ಲಿ ಅವನ ಹೆಸರಿತ್ತು, ತಂದೆ ತಾಯಿಯ ಹೆಸರಿತ್ತು. ಅಲ್ಲಿಂದಾಚೆಗೆ ಏನೂ ಇಲ್ಲ. ಕನ್ಫರ್ಮೇಷನ್ ಇಲ್ಲ, ಚಂದಾ ಇಲ್ಲ. "ಇಷ್ಟು ವರ್ಷ ಎಲ್ಲಿಗೆ ಹೋಗ್ತಿದ್ದೆಯಪ್ಪಾ?" ಎಂದು ಕೇಳಿದೆ. ಒಂದು ಕಡೆ ಹಾಡು ಚೆನ್ನಾಗಿರುತ್ತದೆ, ಇನ್ನೊಂದು ಕಡೆ ಪ್ರಸಂಗ ಚೆನ್ನಾಗಿರುತ್ತದೆ, ದಣಿವಾದ ದಿನ ಮನೆಯಲ್ಲೇ ಯೂಟ್ಯೂಬ್ ಎಂದ. ಅವನು ಸುಳ್ಳು ಹೇಳಲಿಲ್ಲ, ಅದು ನನಗೆ ಹಿಡಿಸಿತು. ಸ್ವಲ್ಪ ಹೊತ್ತು ರಿಜಿಸ್ಟರನ್ನೇ ನೋಡುತ್ತಿದ್ದು ಆಮೇಲೆ ಕೇಳಿದ: "ಹಾಗಾದ್ರೆ ಅಂಕಲ್, ನಾನು ಯಾವ ಚರ್ಚಿನವನು?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಅವನಿಗೆ ಆಗ ಹೇಳಲಾಗದ್ದನ್ನು ಅವನ ವಯಸ್ಸಿನ ನಿಮ್ಮೆಲ್ಲರಿಗೂ ಹೇಳಬೇಕೆಂದು ಕುಳಿತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಕೇಳಿ, ಮಕ್ಕಳೇ.

ನಮ್ಮ ತಂದೆ ಶಾಲೆಯ ಮೇಷ್ಟ್ರು. 1963ರಲ್ಲಿ ತುಮಕೂರು ಬಿಟ್ಟು ಬೆಂಗಳೂರಿಗೆ ಬಂದಾಗ ನನಗೆ ಹನ್ನೆರಡು ವರ್ಷ. ಟ್ರಂಕಿನಲ್ಲಿ ಬಟ್ಟೆಗಳ ಮೇಲೆ, ಕೈಗೆ ಮೊದಲು ಸಿಗುವ ಹಾಗೆ, ಒಂದು ಲಕೋಟೆ ಇಟ್ಟಿದ್ದರು. ಅದರಲ್ಲಿದ್ದದ್ದು ಊರಿನ ಅಯ್ಯನವರು ಬರೆದುಕೊಟ್ಟ ವರ್ಗಾವಣೆ ಪತ್ರ. ಈ ಕುಟುಂಬ ನಮ್ಮ ಸಭೆಯದು, ಇಷ್ಟು ಜನ ಇದ್ದಾರೆ, ಇವರನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇವೆ ಎಂಬರ್ಥದ ನಾಲ್ಕು ಸಾಲು. ಹಾಲಿನವರನ್ನು ಗೊತ್ತು ಮಾಡುವುದಕ್ಕೂ ಮೊದಲು, ನಮ್ಮನ್ನು ಯಾವ ಶಾಲೆಗೆ ಸೇರಿಸುವುದೆಂದು ವಿಚಾರಿಸುವುದಕ್ಕೂ ಮೊದಲು, ಅಪ್ಪ ಆ ಲಕೋಟೆಯನ್ನು ತಲುಪಿಸಿ ಬಂದರು. "ಇವತ್ತಿಂದ ನಾವು ಈ ಊರಿನವರು" ಎಂದು ಅಮ್ಮನಿಗೆ ಹೇಳಿದರು. ಜಯನಗರದ ಬಾಡಿಗೆ ಮನೆಯಲ್ಲಿ ಅಡುಗೆ ಪಾತ್ರೆಗಳನ್ನು ಇನ್ನೂ ಬಿಚ್ಚಿರಲಿಲ್ಲ.

ಆಗ ಜಯನಗರ ಈಗಿನ ಹಾಗಿರಲಿಲ್ಲ. 1948ರಲ್ಲಿ ಶುರುವಾದ ಬಡಾವಣೆ, ಎಷ್ಟೋ ಕಡೆ ಸೈಟು ಕಲ್ಲು ಮಾತ್ರ ನೆಟ್ಟಿದ್ದರು. ಭಾನುವಾರ ಬೆಳಿಗ್ಗೆ ನಾವು ಬಿಟಿಎಸ್ ಬಸ್ಸು ಹತ್ತಿ ಕಾರ್ಪೊರೇಷನ್ ಹತ್ತಿರ ಇಳಿದು ಹಡ್ಸನ್ ಸ್ಮಾರಕ ದೇವಾಲಯಕ್ಕೆ ಹೋಗುತ್ತಿದ್ದೆವು. 1904ರಲ್ಲಿ ಕಟ್ಟಿದ ಆ ಕಲ್ಲಿನ ಕಟ್ಟಡವನ್ನು ನೀವು ದಿನಾ ಸಿಗ್ನಲ್ಲಿನಲ್ಲಿ ನೋಡಿರುತ್ತೀರಿ. ವೆಸ್ಲಿಯನ್ ಮಿಷನರಿ ಜೋಸಾಯ ಹಡ್ಸನ್ನರ ನೆನಪಿಗೆ ಕಟ್ಟಿದ್ದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ಗದ್ದಲದ ನಡುವೆ, ರೈಸ್ ಸ್ಮಾರಕ ದೇವಾಲಯವಿದೆ. ಬೆಂಜಮಿನ್ ರೈಸ್ 1837ರಲ್ಲಿ ಲಂಡನ್ ಮಿಷನ್ನಿನಿಂದ ಈ ಊರಿಗೆ ಬಂದವರು. ಕನ್ನಡ ಕಲಿತು ಐವತ್ತು ವರ್ಷ ಇಲ್ಲಿಯೇ ಇದ್ದರು. ನಮ್ಮ ಶಾಸನಗಳನ್ನು ಕಲೆಹಾಕಿದ ಬಿ.ಎಲ್. ರೈಸ್ ಅವರ ಮಗ, ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಆ ಕಾಲದಲ್ಲಿ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದ ಮನುಷ್ಯ, ಕಾಲರಾ ಸಿಡುಬುಗಳ ನಡುವೆ, ಒಂದೇ ಊರಿನ ಒಂದೇ ಜನರ ಜೊತೆ ಅರ್ಧ ಶತಮಾನ ಇದ್ದ. ನಮಗೆ ಮನೆಯಿಂದ ಎರಡು ಕಿಲೋಮೀಟರು ದೂರದ ಸಭೆಯಲ್ಲಿ ಎರಡು ವರ್ಷ ನಿಲ್ಲುವುದು ಕಷ್ಟವಾಗಿದೆ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಬೇಕು. ಹಡ್ಸನ್ನರ ಮಂದಿ ಮತ್ತು ರೈಸರ ಮಂದಿ ಮೊದಲು ಬೇರೆಬೇರೆ ಸಭೆಯವರು. ಅವರು ಮೆಥೋಡಿಸ್ಟರು, ಇವರು ಲಂಡನ್ ಮಿಷನ್ನಿನವರು, ಆಂಗ್ಲಿಕನ್ನರು ಇನ್ನೊಂದು ಕಡೆ. ಇವರೆಲ್ಲ ಒಂದಾಗಬೇಕೆಂಬ ಮಾತು 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾಯಿತು. ಅದಕ್ಕೆ ಮುಂದಾಳಾಗಿ ನಿಂತವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದ ದೋರ್ನಕಲ್ಲಿನ ವಿ.ಎಸ್. ಅಜರಾಯ. ಯಾರಿಗೆ ಅಭಿಷೇಕ ಮಾಡುವ ಅಧಿಕಾರ, ಯಾರು ಯಾರ ಕೈಯಿಂದ ಕರ್ತನ ಭೋಜನ ತೆಗೆದುಕೊಳ್ಳಬಹುದು, ಹೀಗೆ ಒಂದೊಂದಕ್ಕೂ ವರ್ಷಗಟ್ಟಲೆ ಚರ್ಚೆ. ಮುನಿಸು, ಪತ್ರವ್ಯವಹಾರ, ಮತ್ತೆ ಸಭೆ. ಇಪ್ಪತ್ತೆಂಟು ವರ್ಷ ಹಿಡಿಯಿತು. ಸ್ವಾತಂತ್ರ್ಯ ಬಂದ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅಜರಾಯ ಅದನ್ನು ನೋಡಲಿಲ್ಲ. 1945ರ ಜನವರಿ ಒಂದನೇ ತಾರೀಕು ತೀರಿಕೊಂಡಿದ್ದರು.

ನಮ್ಮ ಬೋರ್ಡಿನ ಮೇಲಿರುವ 'ಸಿಎಸ್ಐ' ಎಂಬ ಮೂರಕ್ಷರದ ಹಿಂದೆ ಇಷ್ಟು ಜನರ ತಾಳ್ಮೆಯಿದೆ. ಒಂದು ಪ್ರಸಂಗ ಹಿಡಿಸಲಿಲ್ಲವೆಂದು ಎದ್ದು ಹೋಗುವ ಮುನ್ನ ಅವರನ್ನು ಒಮ್ಮೆ ನೆನೆಸಿಕೊಳ್ಳಿ.

ಈಗ ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಎಷ್ಟು ಕ್ರೈಸ್ತ ಮಕ್ಕಳಿದ್ದೀರಿ! ಬೀದರಿನ ಮೆಥೋಡಿಸ್ಟ್ ಮನೆಗಳಿಂದ ಬಂದವರಿದ್ದೀರಿ, ಮಂಗಳೂರು ಉಡುಪಿ ಕಡೆಯ ಬಾಸೆಲ್ ಮಿಷನ್ ಮನೆತನದವರಿದ್ದೀರಿ, ಕೋಲಾರ, ಹಾಸನ, ಧಾರವಾಡದವರಿದ್ದೀರಿ. ಊರಿನಲ್ಲಿ ಪ್ರತಿ ಭಾನುವಾರ ತಪ್ಪದೆ ಹೋದವರು. ಇಲ್ಲಿಗೆ ಬಂದಾಗ ಯಾರ ಬ್ಯಾಗಿನಲ್ಲೂ ಆ ಲಕೋಟೆ ಇರುವುದಿಲ್ಲ. ಮೊದಲ ಭಾನುವಾರ ಬಟ್ಟೆ ಒಗೆಯುವುದಕ್ಕೆ ಹೋಗುತ್ತದೆ, ಎರಡನೆಯದು ನಿದ್ದೆಗೆ, ಮೂರನೆಯದು ಸ್ನೇಹಿತರು ಕರೆದ ಯಾವುದೋ ಕೂಟಕ್ಕೆ. ಆರು ತಿಂಗಳಾದ ಮೇಲೆ ಊರಿಂದ ತಾಯಿ ಫೋನಿನಲ್ಲಿ "ಚರ್ಚಿಗೆ ಹೋದೆಯಾ?" ಎಂದಾಗ "ಹೂಂ ಅಮ್ಮಾ" ಎನ್ನುವುದು ಅಭ್ಯಾಸವಾಗಿರುತ್ತದೆ. ನಂಬಿಕೆಯನ್ನು ಬಿಡಬೇಕೆಂದು ನೀವು ಯಾರೂ ತೀರ್ಮಾನ ಮಾಡಿದ್ದಲ್ಲ. ತೀರ್ಮಾನವನ್ನೇ ಮಾಡದೆ ದಿನಗಳು ಹೋದವು. ನನಗೆ ಭಯವಿರುವುದು ಇದರ ಬಗ್ಗೆಯೇ.

ಒಂದೆರಡು ತಿಂಗಳು ನಾಲ್ಕು ಕಡೆ ಹೋಗಿ ನೋಡಿ, ಬೇಡ ಎನ್ನುವುದಿಲ್ಲ. ಹೊಸ ಊರು, ನೋಡಲೇಬೇಕು. ಆಮೇಲೆ ಒಂದನ್ನು ಆರಿಸಿಕೊಳ್ಳಿ, ಹುಡುಕಾಟ ನಿಲ್ಲಿಸಿ. ಬಸ್ಸಿನಲ್ಲೋ ಮೆಟ್ರೋದಲ್ಲೋ ಸುಲಭವಾಗಿ ತಲುಪುವ ಕಡೆ ಆರಿಸಿ, ಏಕೆಂದರೆ ದೂರದ್ದು ಮಳೆಗಾಲದಲ್ಲಿ ತಪ್ಪಿಯೇ ತಪ್ಪುತ್ತದೆ. ಸಿಎಸ್ಐ ಆಗಿರಲಿ, ಮೆಥೋಡಿಸ್ಟ್ ಆಗಿರಲಿ, ಕಾಂಪ್ಲೆಕ್ಸಿನ ಮೂರನೇ ಮಹಡಿಯ ಬಾಡಿಗೆ ಹಾಲಿನಲ್ಲಿ ಸೇರುವ ಸಣ್ಣ ಸಭೆಯಾಗಿರಲಿ, ಅದರ ಬಗ್ಗೆ ನನಗೆ ಜಗಳವಿಲ್ಲ. ಇಂಗ್ಲಿಷ್ ಆರಾಧನೆ ಒಗ್ಗಿದ್ದರೆ ಅಲ್ಲಿಯೇ ಇರಿ. ಅಜ್ಜಿಗೆ ಕನ್ನಡದಲ್ಲಿ ಒಂದು ಅಧ್ಯಾಯ ಓದಿ ಹೇಳುವಷ್ಟು ಕನ್ನಡ ಮಾತ್ರ ಉಳಿಸಿಕೊಳ್ಳಿ. ಸೇರಿದ ಮೇಲೆ ಸಭಾಪಾಲಕರ ಹತ್ತಿರ ಹೋಗಿ ಹೆಸರು ಹೇಳಿ, ಫೋನ್ ನಂಬರು ಕೊಡಿ, ಊರಿನ ಸಭೆಯಿಂದ ಪತ್ರ ತರಿಸಿಕೊಡಿ. ಆ ಪತ್ರ ಕೇಳಿದರೆ ನಿಮ್ಮೂರಿನ ಅಯ್ಯನವರಿಗೆ ಎಷ್ಟು ಸಂತೋಷವಾಗುತ್ತದೆಂದು ನಿಮಗೆ ತಿಳಿಯದು.

ನಾನೂ ಒಮ್ಮೆ ಬಿಟ್ಟು ಹೋದವನು. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ನ್ಯಾಯವಲ್ಲ.

1989. ಆ ಹೊತ್ತಿಗೆ ನಮ್ಮ ಕಡೆ ಕನ್ನಡದವರ ಒಂದು ಚಿಕ್ಕ ಸಭೆ ಬೆಳೆದಿತ್ತು. ಮೊದಲು ಶಾಲೆಯೊಂದರ ಕೊಠಡಿಯಲ್ಲಿ ಸೇರುತ್ತಿದ್ದೆವು. ಮಕ್ಕಳ ಬೆಂಚುಗಳನ್ನು ಶನಿವಾರ ರಾತ್ರಿ ತಿರುಗಿಸಿ ಹಾಕಿ, ಆರಾಧನೆ ಮುಗಿದ ಮೇಲೆ ಮತ್ತೆ ಇದ್ದ ಹಾಗೆ ಜೋಡಿಸಬೇಕಿತ್ತು. ಆಮೇಲೆ ಸ್ವಂತ ಕಟ್ಟಡವಾಯಿತು. ಆ ವರ್ಷ ಸುಗ್ಗಿ ಹಬ್ಬದ ಹರಾಜಿನ ಲೆಕ್ಕದಲ್ಲಿ ಇನ್ನೂರ ಎಂಬತ್ತು ರೂಪಾಯಿ ಹೊಂದಲಿಲ್ಲ. ಸಮಿತಿಯಲ್ಲಿ ಒಬ್ಬರು ಎಲ್ಲರೆದುರು ನನ್ನ ಮುಖ ನೋಡಿದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಆ ನೋಟ ಸಾಕಾಗಿತ್ತು. ಮುಂದಿನ ಭಾನುವಾರದಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೊಂದು ದೊಡ್ಡ ಸಭೆಗೆ ಹೋದೆ. ಅಲ್ಲಿ ಒಳ್ಳೆಯ ಗಾಯನ ವೃಂದ, ಒಳ್ಳೆಯ ಪ್ರಸಂಗ, ಯಾವ ಸಮಿತಿಯ ಗೊಡವೆಯೂ ಇಲ್ಲ. ಕೊನೆಯ ಬೆಂಚಿನಲ್ಲಿ ಕುಳಿತು, ಆಶೀರ್ವಾದ ಆದ ತಕ್ಷಣ ಎದ್ದು ಬರುತ್ತಿದ್ದೆ. ಎಷ್ಟು ಹಾಯಾಗಿದೆ ಎಂದುಕೊಂಡೆ. ಎರಡು ವರ್ಷ ಹಾಗೆ ಕಳೆಯಿತು. ಅಲ್ಲಿ ಯಾರೂ ನನ್ನನ್ನು ನೋಯಿಸಲಿಲ್ಲ. ಒಮ್ಮೆ ಜ್ವರದಿಂದ ಐದು ವಾರ ಹೋಗಲಿಲ್ಲ, ಅದು ಯಾರಿಗೂ ತಿಳಿಯಲಿಲ್ಲ. ತಪ್ಪು ಅವರದಲ್ಲ, ಅವರಿಗೆ ತಿಳಿಯಲು ನಾನು ಏನನ್ನೂ ಬಿಟ್ಟುಕೊಟ್ಟಿರಲಿಲ್ಲ.

1991ರಲ್ಲಿ ಅಮ್ಮ ತೀರಿಕೊಂಡರು, ಬೆಳಗಿನ ಜಾವ ನಾಲ್ಕು ಗಂಟೆಗೆ. ಆ ದೊಡ್ಡ ಸಭೆಯ ಅಯ್ಯನವರಿಗೆ ಫೋನು ಮಾಡಿದೆ. ಪಾಪ, ಬಹಳ ಮರುಗಿ ಮಾತಾಡಿದರು, ಬರುತ್ತೇನೆಂದರು. ಆಮೇಲೆ "ತಾಯಿಯವರ ಹೆಸರೇನು?" ಎಂದು ಕೇಳಿದರು. ಆ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. ಆರು ಗಂಟೆಯ ಹೊತ್ತಿಗೆ ಬಾಗಿಲ ಹತ್ತಿರ ಸೈಕಲ್ ನಿಂತ ಸದ್ದಾಯಿತು. ಬಂದವರು ಸಮಿತಿಯಲ್ಲಿ ನನ್ನ ಮುಖ ನೋಡಿದ್ದ ಅದೇ ಮನುಷ್ಯ. ಯಾರು ಹೇಳಿದರೋ ಗೊತ್ತಿಲ್ಲ. ಒಂದು ಮಾತೂ ಆಡದೆ ವೈದ್ಯರ ಸರ್ಟಿಫಿಕೇಟು ತೆಗೆದುಕೊಂಡು ಹೊಸೂರು ರಸ್ತೆಯ ಸ್ಮಶಾನಕ್ಕೆ ಹೋಗಿ ಗುಂಡಿಗೆ ಹೇಳಿ ಬಂದರು. ಪೆಟ್ಟಿಗೆ ಗೊತ್ತು ಮಾಡಿದರು. ಮಧ್ಯಾಹ್ನ ಆರಾಧನೆಗೆ ಯಾವ ಸಂಗೀತ ಹಾಡಬೇಕು ಎಂದಾಗ ನನಗೆ ಏನೂ ತೋಚಲಿಲ್ಲ. ಅವರೇ ನಂಬರು ಹೇಳಿದರು. "ಅವ್ವನಿಗೆ ಅದು ಇಷ್ಟ. ಸ್ತ್ರೀಯರ ಕೂಟದಲ್ಲಿ ಯಾವಾಗಲೂ ಅದನ್ನೇ ಶುರು ಮಾಡ್ತಿದ್ರು," ಎಂದರು. ಮಗನಾದ ನನಗೆ ಅದು ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹಳೆಯ ಬೆಂಚಿಗೆ ಹಿಂತಿರುಗಿದೆ. ಇನ್ನೂರ ಎಂಬತ್ತು ರೂಪಾಯಿಯ ಮಾತು ಮತ್ತೆ ಬರಲಿಲ್ಲ, ಲೆಕ್ಕ ಎಲ್ಲಿ ತಪ್ಪಿತೆಂದು ಇವತ್ತಿಗೂ ತಿಳಿದಿಲ್ಲ. ನಮ್ಮಿಬ್ಬರ ನಡುವೆ ಗಾಢ ಸ್ನೇಹವೇನೂ ಬೆಳೆಯಲಿಲ್ಲ. ಆದರೆ ಅವರು ತೀರಿಕೊಂಡಾಗ ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟವನು ನಾನು.

ಸಭೆ ಎಂದರೆ ಇಷ್ಟವಾದವರ ಗುಂಪು ಎಂದುಕೊಂಡಿದ್ದೀರಿ, ಅದಕ್ಕೇ ನಿಮಗೆ ನಿರಾಸೆಯಾಗುತ್ತದೆ. ಇಷ್ಟವಾದವರನ್ನು ನೀವು ಕಾಫಿ ಅಂಗಡಿಯಲ್ಲೂ ಆರಿಸಿಕೊಳ್ಳಬಹುದು. ಪೌಲನು ಕೊರಿಂಥದವರಿಗೆ ದೇಹದ ಅಂಗಗಳ ಹೋಲಿಕೆ ಕೊಟ್ಟು ಬರೆದದ್ದು ಜಗಳವಾಡುತ್ತಿದ್ದ ಸಭೆಗೆ. ಕೈಯೂ ಕಣ್ಣೂ ಒಂದನ್ನೊಂದು ಆರಿಸಿಕೊಂಡವಲ್ಲ.

ನಿಮ್ಮ ದೂರುಗಳು ನನಗೆ ಗೊತ್ತಿಲ್ಲವೆಂದಲ್ಲ. ಸಮಿತಿ ಚುನಾವಣೆ ಬಂದರೆ ಹಿರಿಯರು ಎರಡು ಪಂಗಡವಾಗುತ್ತೇವೆ. ಜಾಗದ ವಿಷಯ, ಹಣದ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನೀವು ಚಿಕ್ಕಂದಿನಿಂದ ಕೇಳುತ್ತ ಬೆಳೆದಿದ್ದೀರಿ. ಗಿಟಾರ್ ಹಿಡಿದರೆ ಗೊಣಗುತ್ತೇವೆ, ಜೀನ್ಸ್ ಹಾಕಿಕೊಂಡು ಬಂದ ಹುಡುಗಿಯನ್ನು ತಿರುಗಿ ನೋಡುತ್ತೇವೆ, ಎರಡು ವರ್ಷದ ಮೇಲೆ ಬಂದವನನ್ನು "ಏನಪ್ಪಾ, ದಾರಿ ತಪ್ಪಿತಾ?" ಎಂದು ಚುಚ್ಚುತ್ತೇವೆ. ಇದೆಲ್ಲ ನಿಜ. ಇದಕ್ಕಾಗಿ ನನ್ನ ವಯಸ್ಸಿನವರ ಪರವಾಗಿ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಆದರೆ ಒಂದು ವಿಷಯ ಯೋಚಿಸಿ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕ ಕೇಳಲು, ಮತ ಹಾಕಲು, ಪಟ್ಟಿಯಲ್ಲಿ ಹೆಸರಿರಬೇಕು, ಚಂದಾ ಕಟ್ಟಿರಬೇಕು. ಮನಸ್ಸು ನೊಂದ ಒಳ್ಳೆಯ ಮಕ್ಕಳೆಲ್ಲ ಎದ್ದು ಹೋದರೆ ಒಳಗೆ ಉಳಿಯುವವರು ಯಾರು? ಕಳೆದ ಸಲದ ನಮ್ಮ ಮಹಾಸಭೆಯಲ್ಲಿ ಮೂವತ್ತೈದು ವರ್ಷದ ಕೆಳಗಿನವರು ಇಬ್ಬರೇ ಇದ್ದರು. ಅವರಲ್ಲಿ ಒಬ್ಬಳು ಎದ್ದು ನಿಂತು ಕಟ್ಟಡದ ನಿಧಿಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದಳು, ವಿನಯವಾಗಿ. ಹತ್ತು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ಮುಂದಿನ ತಿಂಗಳು ಲೆಕ್ಕ ನೋಟಿಸ್ ಬೋರ್ಡಿಗೆ ಬಂತು.

ಚಂದಾ ಎಂದಾಗ ಹಣದ ಮಾತೆಂದು ಮುಖ ತಿರುಗಿಸಬೇಡಿ. ಹನ್ನೊಂದು ವರ್ಷ ನಾನು ಚಂದಾ ಪುಸ್ತಕ ಹಿಡಿದು ಸ್ಕೂಟರಿನಲ್ಲಿ ಜಯನಗರ ಒಂಬತ್ತನೇ ಬ್ಲಾಕು, ತಿಲಕನಗರ, ಬನಶಂಕರಿ ಎರಡನೇ ಹಂತ, ಕತ್ರಿಗುಪ್ಪೆ ಸುತ್ತಿದ್ದೇನೆ. ಐದು ರೂಪಾಯಿಗೆ ರಸೀದಿ ಹರಿಯಲು ಅರ್ಧ ಗಂಟೆ ಕೂರಬೇಕಾಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಯಾರ ಮಗ ಎಸ್ಎಸ್ಎಲ್‌ಸಿ ಫೇಲಾಗಿ ಊಟ ಬಿಟ್ಟಿದ್ದಾನೆ, ಯಾವ ಅಜ್ಜಿಗೆ ಕಣ್ಣು ಕಾಣುತ್ತಿಲ್ಲ, ಯಾವ ಮನೆಯಲ್ಲಿ ಎರಡು ತಿಂಗಳಿಂದ ಸಂಬಳ ಬಂದಿಲ್ಲ, ಎಲ್ಲ ತಿಳಿಯುತ್ತಿತ್ತು. ಸಂಜೆ ಅಯ್ಯನವರಿಗೆ ಹೇಳುತ್ತಿದ್ದೆ, ಅವರು ಮಾರನೆಯ ದಿನ ಹೋಗುತ್ತಿದ್ದರು. ಈಗ ನೀವು ಫೋನಿನಲ್ಲಿ ಒಂದೇ ಸಲ ವರ್ಷದ್ದು ಕಳಿಸುತ್ತೀರಿ, ನಮಗಿಂತ ಧಾರಾಳವಾಗಿಯೇ ಕಳಿಸುತ್ತೀರಿ. ಖಾತೆಗೆ ಹಣ ಬರುತ್ತದೆ, ನಿಮ್ಮ ಸುದ್ದಿ ಬರುವುದಿಲ್ಲ. ಸುಗ್ಗಿ ಹಬ್ಬವೂ ಹಾಗೆಯೇ ಆಗುತ್ತಿದೆ. ಮನೆಯ ಹಿತ್ತಲಿನ ನುಗ್ಗೆಕಾಯಿ, ಪರಂಗಿ, ಕುಂಬಳಕಾಯಿ ತಂದು ಬಲಿಪೀಠದ ಮುಂದೆ ಇಡುತ್ತಿದ್ದೆವು. ಒಂದು ಕುಂಬಳಕಾಯಿಯನ್ನು ಕೂಗಿ ಕೊಂಡವರು ಮತ್ತೆ ಹರಾಜಿಗೇ ಕೊಡುತ್ತಿದ್ದರು, ಅದು ಮೂರು ಸಲ ಮಾರಾಟವಾಗುತ್ತಿತ್ತು. ಹಿತ್ತಲುಗಳು ಹೋಗಿ ಅಪಾರ್ಟ್‌ಮೆಂಟುಗಳು ಬಂದವು, ಅದಕ್ಕೆ ನೀವು ಹೊಣೆಯಲ್ಲ. ಆದರೂ ಹರಾಜಿನ ದಿನ ನಿಲ್ಲಿ. ಒಂದು ತೆಂಗಿನಕಾಯಿಗಾದರೂ ದನಿಯೆತ್ತಿ ಕೂಗಿ. ಅಲ್ಲಿ ನಿಮ್ಮ ದನಿ ಜನಕ್ಕೆ ಪರಿಚಯವಾಗುತ್ತದೆ.

ಮದುವೆಗೆ ಮೊದಲು ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಓದುತ್ತಾರಲ್ಲ, ಅದು ಏಕೆಂದು ಯೋಚಿಸಿದ್ದೀರಾ? ಯಾರಿಗಾದರೂ ಅಡ್ಡಿಯಿದ್ದರೆ ತಿಳಿಸಿ ಎನ್ನುವುದು ನಿಮ್ಮನ್ನು ಬಲ್ಲವರ ಎದುರಿಗೆ. ನನ್ನ ಹೆಸರು ಓದಿದ ಭಾನುವಾರ ಮುಂದಿನ ಬೆಂಚಿನ ಮುದುಕಿಯೊಬ್ಬರು ಹಿಂದೆ ತಿರುಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆಯಾಡಿಸಿದರು. ನನಗೆ ಅವತ್ತೇ ಮದುವೆಯಾದ ಹಾಗಾಯಿತು. ಈಗ ಕೆಲವು ಹೆಸರು ಓದಿದಾಗ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರ ಮಗ? ಯಾರಿಗೂ ಗೊತ್ತಿಲ್ಲ. ಅಡ್ಡಿ ಹೇಳುವವರೂ ಇಲ್ಲ, ಮನಸ್ಸು ತುಂಬಿ ಹರಸುವವರೂ ಇಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ಬಂದು ದೇವಾಲಯದ ಬಾಗಿಲು ಮುಚ್ಚಿತು. ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ನಾನು ಮೊಮ್ಮಗಳ ಮೊಬೈಲಿನ ಮುಂದೆ ಆಚರಿಸಿದೆ. ಕಾಲು ನಡೆಯದವರಿಗೆ, ಆಸ್ಪತ್ರೆಯಲ್ಲಿದ್ದವರಿಗೆ ಅದು ದೊಡ್ಡ ಉಪಕಾರವಾಯಿತು, ಅದನ್ನು ಹಗುರವಾಗಿ ಮಾತಾಡುವವನಲ್ಲ ನಾನು. ಜೂನ್ 8ರಿಂದ ಪ್ರಾರ್ಥನಾ ಸ್ಥಳಗಳನ್ನು ತೆರೆಯಲು ಅನುಮತಿ ಬಂತು. ವಯಸ್ಸಾದವರು ಹೆದರುತ್ತ ಹೆದರುತ್ತ ಹಿಂತಿರುಗಿದೆವು. ನಡೆಯಬಲ್ಲ ಕಾಲುಗಳಿರುವ ಕೆಲವರು ಮೊಬೈಲಿನಲ್ಲಿಯೇ ಉಳಿದುಬಿಟ್ಟಿರಿ. ಪರದೆಯ ಮೇಲೆ ನೀವು ಎಲ್ಲರನ್ನೂ ನೋಡುತ್ತೀರಿ, ನಿಮ್ಮನ್ನು ಯಾರೂ ನೋಡುವುದಿಲ್ಲ.

ಅದೇ ರೋಗದ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್, ಮೇ ತಿಂಗಳಲ್ಲಿ, ನಮ್ಮ ಮಕ್ಕಳ ಇನ್ನೊಂದು ಮುಖವನ್ನೂ ಕಂಡೆ. ಮನೆಯವರೇ ಹತ್ತಿರ ಹೋಗಲು ಆಗದಿದ್ದ ಸಮಯ. ಯೌವನಸ್ಥರ ಕೂಟದ ಐದು ಮಂದಿ ಪಿಪಿಇ ಕಿಟ್ ಹಾಕಿಕೊಂಡು, ಆ ಬಿಸಿಲಿನಲ್ಲಿ, ಪೆಟ್ಟಿಗೆಗಳನ್ನು ಹಗ್ಗದಲ್ಲಿ ಇಳಿಸಿದರು. ಅವರಲ್ಲಿ ಒಬ್ಬ ಭಾನುವಾರ ಶಾಲೆಯಲ್ಲಿ ನನ್ನ ಕೈಯಲ್ಲಿ ಬೈಸಿಕೊಂಡವನು, ಇನ್ನೊಬ್ಬ ಬರೀ ಕ್ರಿಸ್‌ಮಸ್ ಕ್ಯಾರಲ್ಸ್‌ಗೆ ಮಾತ್ರ ಬರುವವನೆಂದು ನಾವು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದವನು. ಆ ಐವರಲ್ಲಿ ಒಬ್ಬರೂ ಆಮೇಲೆ ಸಭೆ ಬಿಟ್ಟು ಹೋಗಲಿಲ್ಲ. ಹಾಗಾಗಿಯೇ ನಿಮ್ಮ ಮೇಲೆ ನನಗೆ ಆಸೆ ಕಡಿಮೆಯಾಗಿಲ್ಲ. ನಿಮ್ಮ ಕೈಗೆ ಕೆಲಸ ಕೊಡದೆ ಬರೀ ಕೂರಲು ಕರೆಯುತ್ತ ಬಂದದ್ದು ನಮ್ಮ ತಪ್ಪೂ ಹೌದು. ನೀವಾಗಿಯೇ ಕೇಳಿ ತೆಗೆದುಕೊಳ್ಳಿ. ದೊಡ್ಡದು ಬೇಡ. ನೀವು ಬರದಿದ್ದರೆ ನಿಂತುಹೋಗುವ ಒಂದು ಚಿಕ್ಕ ಕೆಲಸ ಸಾಕು.

ಆ ಹುಡುಗನಿಗೆ ನಮ್ಮ ಅಯ್ಯನವರು ಪತ್ರ ಕೊಟ್ಟರು. ಇಲ್ಲಿ ದೀಕ್ಷಾಸ್ನಾನವಾಗಿದೆ ಎಂಬ ನಿಜವನ್ನಷ್ಟೇ ಬರೆದರು. ಮಾರನೆಯ ದಿನ ಅವನು ಆರಾಧನೆಗೆ ಬಂದಿದ್ದ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ. ಅದರ ಮುಂದಿನ ಎರಡು ವಾರ ಬರಲಿಲ್ಲ. ಪ್ರತಿ ಭಾನುವಾರ ನನ್ನ ಕಣ್ಣು ಆ ಕಿಟಕಿಯ ಕಡೆ ಹೋಗುತ್ತದೆ. ಅವನು ಇದನ್ನು ಓದುತ್ತಿದ್ದರೆ ಅವನಿಗೂ, ನಿಮ್ಮಲ್ಲಿ ಯಾರು ಬಂದರೆ ಅವರಿಗೂ, ಒಂದು ಕೆಲಸ ಖಾಲಿ ಇದೆ.

ಪ್ರಸಂಗ ಪೀಠದ ಪಕ್ಕದಲ್ಲಿ ಸಂಗೀತದ ನಂಬರು ತೋರಿಸುವ ಮರದ ಹಲಗೆ ಇದೆ. ತಗಡಿನ ಮೇಲೆ ಕನ್ನಡ ಅಂಕಿ ಬರೆದ ಬಿಲ್ಲೆಗಳನ್ನು ಆರಾಧನೆಗೆ ಮುಂಚೆ ಅದರಲ್ಲಿ ಸಿಕ್ಕಿಸಬೇಕು. ನಾವು ಬೆಂಗಳೂರಿಗೆ ಬಂದ ವರ್ಷ ನನಗೆ ಮೊದಲು ಕೊಟ್ಟ ಕೆಲಸ ಅಂಥದ್ದೇ. ಈಗ ನಾನೇ ಮತ್ತೆ ಮಾಡುತ್ತಿದ್ದೇನೆ, ಆದರೆ ಮೇಲಿನ ಸಾಲಿಗೆ ಕೈ ಎಟುಕುವುದಿಲ್ಲ, ಸ್ಟೂಲು ಹತ್ತಬೇಡಿ ಎಂದು ಮಗಳು ಗದರಿಸುತ್ತಾಳೆ. ೬ ಮತ್ತು ೯ ಯಾವುದು ಯಾವುದೆಂದು ಗೊತ್ತಿಲ್ಲದಿದ್ದರೆ ಹೇಳಿಕೊಡುತ್ತೇನೆ, ಎರಡು ನಿಮಿಷದ ಪಾಠ. ಬಿಲ್ಲೆಗಳ ಡಬ್ಬಿ ಆಫೀಸಿನ ಕಪಾಟಿನ ಕೆಳಗಿನ ಅರೆಯಲ್ಲಿದೆ. ಆರಾಧನೆ ಒಂಬತ್ತು ಗಂಟೆಗೆ. ಅಂಕಿ ಸಿಕ್ಕಿಸುವವರು ಎಂಟೂವರೆಗೆ ಬರಬೇಕು.